ಎಡಗೈಯ ಹೊಳಪು

ಇಟಲಿಯ ಕಾಂತೂ ಊರಿನ ಬಡಗಿಗಳಿಗೆ ಪಾಲ್ಮಿರಾಳ ಮುಖಕ್ಕಿಂತ ಅವಳ ಎಡಗೈಯೇ ಹೆಚ್ಚು ಗುರುತು. ಬೆರಳ ಸಂದಿಗಳಲ್ಲಿ ಎಷ್ಟು ತೊಳೆದರೂ ಹೋಗದ ಅರಗಿನ ಕಂದು, ಹೆಬ್ಬೆರಳ ಬುಡದಲ್ಲಿ ಬಟ್ಟೆಯ ಉಂಡೆ ಕೂತು ಕೂತು ಎದ್ದ ಗಂಟು. ಇಗರ್ಜಿಯಲ್ಲಿ ಪರಮಪ್ರಸಾದಕ್ಕೆ ಅವಳು ಕೈ ಚಾಚಿದಾಗ ಪಾದ್ರಿಗಳೂ ಒಂದು ಗಳಿಗೆ ಆ ಕೈಯನ್ನೇ ನೋಡಿ ಮುಂದೆ ಹೋಗುತ್ತಿದ್ದರು.

ಆರು ವರ್ಷದವಳಿದ್ದಾಗ ಶಾಲೆಯ ಸಿಸ್ಟರ್ ಆ ಕೈಯನ್ನು ರಿಬ್ಬನ್ನಿನಿಂದ ಬೆಂಚಿಗೆ ಕಟ್ಟಿಹಾಕುತ್ತಿದ್ದರು. ಎಡಗೈಯಲ್ಲಿ ಬರೆಯುವುದು ಸೈತಾನನ ಕೆಲಸ ಎಂದು. ಒಂದು ಮಧ್ಯಾಹ್ನ ಅವಳನ್ನು ಮನೆಗೆ ಕರೆದೊಯ್ಯಲು ಬಂದ ಅಣ್ಣ ಫೆರ್ಮೋ ಅದನ್ನು ಕಂಡ. ಅವನಿಗೆ ಆಗ ಹನ್ನೆರಡು. ಜೇಬಿನಲ್ಲಿದ್ದ ಅಪ್ಪನ ಸಣ್ಣ ಉಳಿ ತೆಗೆದು ರಿಬ್ಬನ್ನನ್ನು ಕತ್ತರಿಸಿ, "ನಮ್ಮ ಮನೇಲಿ ಕೈ ಸುಮ್ನೆ ಕಟ್ಟಿಡೋ ಹಾಗಿಲ್ಲ ಸಿಸ್ಟರ್, ಕೆಲಸ ಇದೆ" ಎಂದಿದ್ದ. ಆ ದಿನದಿಂದ ಪಾಲ್ಮಿರಾಳಿಗೆ ಅಣ್ಣನೆಂದರೆ ಆ ಉಳಿಯ ಒಂದೇ ಏಟು. ಅವನ ಮೇಲೆ ಎಷ್ಟೇ ಸಿಟ್ಟು ಬಂದರೂ ಆ ಮಧ್ಯಾಹ್ನ ನೆನಪಾಗಿ ಸಿಟ್ಟು ಇಳಿಯುತ್ತಿತ್ತು.

ಹದಿನೈದಕ್ಕೆ ಅವಳು ಮರಕ್ಕೆ ಹೊಳಪು ಕೊಡಲು ಕೂತಳು. ಸ್ಪಿರಿಟಿನಲ್ಲಿ ಕರಗಿಸಿದ ಅರಗನ್ನು ಉಣ್ಣೆಯ ಉಂಡೆಗೆ ಕುಡಿಸಿ, ಉಂಡೆಗೆ ಹಳೆಯ ನಾರುಬಟ್ಟೆ ಸುತ್ತಿ, ಮರದ ಮೇಲೆ ಸುತ್ತು ಸುತ್ತಾಗಿ ಉಜ್ಜಬೇಕು. ನಿಲ್ಲಿಸುವ ಹಾಗಿಲ್ಲ; ನಿಂತಲ್ಲಿ ಬಟ್ಟೆ ಕಚ್ಚಿಕೊಂಡು ಗಾಯವಾಗುತ್ತದೆ. ಒಂದು ಕಪಾಟಿಗೆ ಮೂರು ವಾರ. ಊರಿನಲ್ಲಿ ಈ ಕೆಲಸದ ಹೆಂಗಸರು ಮೂವತ್ತು ನಲವತ್ತು ಜನ ಇದ್ದರು. ಎಲ್ಲರ ಕೈಯೂ ಗಡಿಯಾರದ ಮುಳ್ಳಿನಂತೆ ಸುತ್ತುತ್ತಿತ್ತು, ಪಾಲ್ಮಿರಾಳದು ಮಾತ್ರ ತಿರುವುಮುರುವು. ಹೊಸದರಲ್ಲಿ ಯಾರಿಗೂ ವ್ಯತ್ಯಾಸ ಕಾಣದು. ವರ್ಷಗಳು ಕಳೆದು ಅರಗು ಒಣಗಿದಾಗ ಕೈ ನಡೆದ ದಾರಿ ಮೆಲ್ಲಗೆ ಮೇಲೇಳುತ್ತದೆ. ದೀಪವನ್ನು ಅಡ್ಡಕ್ಕೆ ಹಿಡಿದರೆ, ನೋಡಬಲ್ಲವರಿಗೆ, ಅದು ಸಹಿಯೇ.

ಅವಳಿಗೆ ಅರವತ್ತನಾಲ್ಕಾದ ವರ್ಷ, ತೊಂಬತ್ತೇಳರ ನವೆಂಬರಿನಲ್ಲಿ, ಹಳೆಯ ಪೀಠೋಪಕರಣ ಮಾರುವ ಓರ್ನೆಲ್ಲಾ ಫೋನು ಮಾಡಿದಳು.

"ಸಿನ್ಯೋರಾ ಪಾಲ್ಮಿರಾ, ಒಂದು ಕ್ರೆದೆಂಝಾ ಬಂದಿದೆ. ಐವತ್ತರ ಕಾಲದ್ದು. ಜೆನೋವಾದ ಒಂದು ಮನೆ ಖಾಲಿ ಮಾಡಿದ್ರು, ಅಲ್ಲಿಂದ ತಂದೆ. ಮೇಲ್ಗಡೆ ಯಾರೋ ಪುಣ್ಯಾತ್ಮರು ಹೂದಾನಿ ಇಟ್ಟು ಇಟ್ಟು ಬಿಳಿ ಬಳೆ ಮೂಡಿಸಿದ್ದಾರೆ. ಶನಿವಾರ ಮಿಲಾನಿನಿಂದ ಗಿರಾಕಿ ಬರ್ತಾರೆ. ಅಷ್ಟರೊಳಗೆ ಆಗುತ್ತಾ?"

"ಬಳೆ ಎಷ್ಟು ಆಳ?"

"ಅದು ನಂಗೇನು ಗೊತ್ತು? ನಾನು ಮಾರೋಳು, ನೀವು ಮುಟ್ಟೋರು."

ಕ್ರೆದೆಂಝಾ ಎಂದರೆ ಊಟದ ಕೋಣೆಯ ಉದ್ದ ಕಪಾಟು; ತಟ್ಟೆ, ಗಾಜಿನ ಲೋಟ, ಹಬ್ಬದ ಮೇಜುಬಟ್ಟೆ ಇಡುವಂಥದ್ದು. ಅದೇ ಮಾತಿಗೆ ನಂಬಿಕೆ ಎಂಬ ಅರ್ಥವೂ ಇದೆ. ದಿನಕ್ಕೆ ಹತ್ತು ಸಲ ಆ ಮಾತು ಆಡುವ ಊರಿನಲ್ಲಿ ಎರಡನೆಯ ಅರ್ಥ ಯಾರಿಗೂ ನೆನಪಿರುವುದಿಲ್ಲ. ಪಾಲ್ಮಿರಾಳಿಗೆ ನೆನಪಿತ್ತು. ಅದನ್ನು ಅವಳಿಗೆ ಹೇಳಿ ನಕ್ಕವನು ಒಬ್ಬನಿದ್ದ.

ಬುಧವಾರ ಬೆಳಿಗ್ಗೆ ಅವಳು ತನ್ನ ಚೀಲ ಹಿಡಿದು ಓರ್ನೆಲ್ಲಾಳ ಅಂಗಡಿಗೆ ಹೋದಳು. ಕಪಾಟು ಕಿಟಕಿಯ ಬಳಿ ನಿಂತಿತ್ತು. ಆಕ್ರೋಟು ಮರ, ನಾಲ್ಕು ಬಾಗಿಲು, ನಡುವೆ ಮೂರು ಡ್ರಾಯರು, ಹಿತ್ತಾಳೆಯ ತುದಿಯಿರುವ ಸಪೂರ ಕಾಲುಗಳು. ಪುಸ್ತಕ ತೆರೆದಿಟ್ಟ ಹಾಗೆ ಬಾಗಿಲುಗಳ ಮೇಲೆ ಮರದ ಗೆರೆಗಳು ಒಂದಕ್ಕೊಂದು ಎದುರಾಗಿ ಕೂತಿದ್ದವು. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ "ಮಾಡಿದವರು ತಿಳಿದಿಲ್ಲ" ಎಂದಿತ್ತು.

"ಹಾಗೆ ಬರೆದ್ರೆ ಒಳ್ಳೇದು," ಎಂದಳು ಓರ್ನೆಲ್ಲಾ. "ಗಿರಾಕಿ ತಾನೇ ಯಾವುದಾದ್ರೂ ದೊಡ್ಡ ಆರ್ಕಿಟೆಕ್ಟ್ ಹೆಸರು ಅಂಟಿಸ್ಕೊಂಡು ಮನೆಗೆ ಒಯ್ತಾನೆ. ನಾನು ಸುಳ್ಳು ಹೇಳಿದ ಹಾಗೂ ಆಗಲ್ಲ."

ಪಾಲ್ಮಿರಾಳ ಕಾಲು ಕಪಾಟಿನಿಂದ ಎರಡು ಹೆಜ್ಜೆ ಹಿಂದೆಯೇ ನಿಂತುಬಿಟ್ಟಿತ್ತು. ಎಡಗಡೆಯ ಮೊದಲ ಬಾಗಿಲ ಮೇಲೆ, ಗೆರೆಗಳ ನಡುವೆ, ಬಾತುಕೋಳಿಯ ಕಣ್ಣಿನಂಥ ಒಂದು ಗಂಟಿತ್ತು.

"ದೀಪ ಇದೆಯಾ?" ಎಂದು ಕೇಳಿದಳು.

ಓರ್ನೆಲ್ಲಾ ಮೇಜಿನ ದೀಪವನ್ನು ತಂದು ಹೊತ್ತಿಸಿದಳು. ಪಾಲ್ಮಿರಾ ಅದನ್ನು ಕಪಾಟಿನ ನೆತ್ತಿಯ ಮಟ್ಟಕ್ಕೆ ಅಡ್ಡವಾಗಿ ಹಿಡಿದು ಬಗ್ಗಿ ನೋಡಿದಳು. ಬೆಳಕು ಅರಗಿನ ಮೇಲೆ ಮಲಗಿತು. ಸುತ್ತುಗಳು ಎದ್ದವು. ನೂರಾರು, ಒಂದರ ಮೇಲೊಂದು, ಎಲ್ಲವೂ ತಿರುವುಮುರುವು.

ಅವಳು ದೀಪವನ್ನು ನೆಲದ ಮೇಲಿಟ್ಟು, ನಡುವಿನ ಡ್ರಾಯರನ್ನು ಪೂರ್ತಿ ಹೊರಗೆಳೆದು ಅಡಿಮೇಲು ಮಾಡಿದಳು. ಯಾವ ಹಲಗೆ ಯಾವ ಕಡೆ ಎಂದು ಮರೆಯದಿರಲು ಬಡಗಿಗಳು ಹಾಕಿಕೊಳ್ಳುವ ಪೆನ್ಸಿಲಿನ ತ್ರಿಕೋನ ಅಲ್ಲಿತ್ತು. ತ್ರಿಕೋನದ ನಡುವೆ ಒಂದು ಚುಕ್ಕಿ.

"ಏನು ಸಿನ್ಯೋರಾ? ಹುಳ ಬಿದ್ದಿದೆಯಾ?"

"ಇಲ್ಲ," ಎಂದಳು ಪಾಲ್ಮಿರಾ. "ಹುಳ ಬಿದ್ದಿಲ್ಲ."

ಆ ಚುಕ್ಕಿ ಇಡುತ್ತಿದ್ದವನು ತೆರೇಸಿಯೋ. ಐವತ್ತಾರರಲ್ಲಿ ಅವರ ಬೀದಿಯ ಎದುರು ಬದಿಯಲ್ಲಿ ಕೆಲಸ ಮಾಡುತ್ತಿದ್ದ. ಮಾತು ಕಡಿಮೆ, ಆಡಿದ ನಾಲ್ಕು ಮಾತಿನಲ್ಲಿ ಎರಡು ತಮಾಷೆ. ಚುಕ್ಕಿ ಯಾಕೆ ಎಂದು ಅವಳು ಕೇಳಿದಾಗ, "ಅದು ಕಣ್ಣು. ನಾನು ಮರ ನೋಡ್ತಿರುವಾಗ ನಿನ್ನನ್ನ ನೋಡ್ಕೊಳ್ಳೋಕೆ ಇನ್ನೊಂದು ಬೇಕಲ್ಲ" ಎಂದಿದ್ದ. ಆ ಚಳಿಗಾಲವೆಲ್ಲ ಅವನು ಈ ಕಪಾಟನ್ನು ಮಾಡಿದ. ಮಾಡಿ, ಹೊಳಪು ಹಾಕದೆ, ಅವರ ಮಾತಿನಲ್ಲಿ ಹೇಳುವುದಾದರೆ ಬಿಳಿಯಾಗಿ, ತಳ್ಳುಗಾಡಿಯಲ್ಲಿ ತಂದು ಅವಳ ಬೆಂಚಿನ ಪಕ್ಕ ನಿಲ್ಲಿಸಿದ.

"ಬಾಯಿಬಿಟ್ಟು ಕೇಳೋಕೆ ನಂಗೆ ಬರಲ್ಲ," ಎಂದಿದ್ದ, ಟೋಪಿಯನ್ನು ಹಿಂಡುತ್ತಾ. "ನೀನು ಹೊಳಪು ಕೊಟ್ಟು ಕಳಿಸಿದ್ರೆ ಹೌದು ಅಂತ. ಬಿಳಿಯಾಗೇ ವಾಪಸ್ ಬಂದ್ರೆ ಇಲ್ಲ ಅಂತ. ನಾನೇನೂ ಕೇಳಲ್ಲ. ಸಂತ ಜೋಸೆಫರ ಹಬ್ಬದವರೆಗೆ ಕಾಯ್ತೀನಿ. ಆಮೇಲೆ ಅರ್ಜೆಂಟೀನಾದಲ್ಲಿ ನಮ್ಮ ಚಿಕ್ಕಪ್ಪ ಕರೀತಿದ್ದಾನೆ."

"ಇದೇನು, ಕಪಾಟು ಕೊಟ್ಟು ಹೆಂಡತಿ ತಗೋತೀಯಾ?"

"ಕ್ರೆದೆಂಝಾ ಅಲ್ವಾ ಇದು? ಹೆಸರೇ ನಂಬಿಕೆ. ಇದಕ್ಕಿಂತ ಒಳ್ಳೇ ಜಾಮೀನು ನನ್ನ ಹತ್ರ ಇಲ್ಲ."

ಅವಳು ಮೂರು ವಾರ ಉಜ್ಜಿದಳು. ಬೇರೆ ಯಾರಿಗೂ ಮುಟ್ಟಲು ಬಿಡಲಿಲ್ಲ. ಕೊನೆಯ ಸುತ್ತು ಮುಗಿದ ದಿನ ತಾನೇ ಓಡಿಹೋಗಿ ಹೇಳಬಹುದಿತ್ತು. ಆದರೆ ಅವನು ಹಾಕಿದ ಆಟದ ನಿಯಮ ಅವಳಿಗೆ ಇಷ್ಟವಾಗಿತ್ತು. ಮಾತಿಲ್ಲದೆ ಕೇಳಿದವನಿಗೆ ಮಾತಿಲ್ಲದೆಯೇ ಹೇಳಬೇಕು. ವಿಷಯವನ್ನೆಲ್ಲ ಅಣ್ಣನೊಬ್ಬನಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿರಲಿಲ್ಲ. ತಲುಪಿಸುವ ಕೆಲಸವನ್ನೂ ಅವನಿಗೇ ಒಪ್ಪಿಸಿದಳು. ತೆರೇಸಿಯೋನ ಮನೆಗೇ ಮುಟ್ಟಿಸಿ, ಉಳಿದ ಸಾಮಾನನ್ನೂ ಕೊಟ್ಟು ಬರುವೆನೆಂದು ಫೆರ್ಮೋ ಕಪಾಟಿಗೆ ಕಂಬಳಿ ಸುತ್ತಿ, ಟ್ರಕ್ಕಿಗೇರಿಸಿಕೊಂಡು ಹೋದ. ರಾತ್ರಿ ಬಂದು, "ಕೊಟ್ಟೆ. ನೋಡಿದ. ಏನೂ ಅನ್ನಲಿಲ್ಲ" ಎಂದ.

ಅವಳು ಕಾದಳು. ಸಂತ ಜೋಸೆಫರ ಹಬ್ಬ ಬಂತು, ಹೋಯಿತು. ಮರುದಿನ ಬೆಳಿಗ್ಗೆ ತೆರೇಸಿಯೋ ಊರು ಬಿಟ್ಟಿದ್ದ. "ಆ ಕಪಾಟು ಮಾರಿ ಹಡಗು ಹತ್ತಿದನಂತೆ," ಎಂದ ಫೆರ್ಮೋ. "ಅಂಥೋನಿಗೆ ನೀನು ಅಳ್ಬೇಡ."

ಅವಳು ಅತ್ತದ್ದು ಕಡಿಮೆ. ದ್ವೇಷಿಸಿದ್ದು ಹೆಚ್ಚು. ನಲವತ್ತು ವರ್ಷ ಅಚ್ಚುಕಟ್ಟಾಗಿ, ದಿನವೂ ಸ್ವಲ್ಪ ಸ್ವಲ್ಪ, ಹೊಳಪು ಕೊಟ್ಟ ಹಾಗೆ. ತೆರೇಸಿಯೋನ ತಾಯಿ ಎದುರಾದರೆ ಬೀದಿ ದಾಟಿ ಆ ಬದಿಗೆ ಹೋಗುತ್ತಿದ್ದಳು. ಒಮ್ಮೆ ಬೇಕರಿಯ ಬಾಗಿಲಲ್ಲಿ ದಾಟಲು ಜಾಗವಿಲ್ಲದೆ ಮುಖಾಮುಖಿಯಾದಾಗ ಆ ಮುದುಕಿ ಅವಳ ಕೈಯನ್ನು ನೋಡಿ, "ಇಷ್ಟು ಸೊಕ್ಕಾ ಈ ಕೈಗೆ? ಒಂದು ಸಲ ಬಟ್ಟೆ ಆಡಿಸಿದ್ರೆ ಸವೆದು ಹೋಗ್ತಿತ್ತಾ?" ಎಂದಿದ್ದಳು. ಮಗ ದೂರವಾಗಿ ತಲೆ ಕೆಟ್ಟಿದೆ ಎಂದುಕೊಂಡಿದ್ದಳು ಪಾಲ್ಮಿರಾ. ಆಕೆ ಸತ್ತಾಗ ಮಣ್ಣಿಗೂ ಹೋಗಲಿಲ್ಲ.

ಈಗ ಓರ್ನೆಲ್ಲಾಳ ಅಂಗಡಿಯಲ್ಲಿ, ಡ್ರಾಯರನ್ನು ತೊಡೆಯ ಮೇಲಿಟ್ಟುಕೊಂಡು ಕುಕ್ಕರಗಾಲಲ್ಲಿ ಕೂತಾಗ, ಬೇಕರಿಯ ಬಾಗಿಲ ಆ ಮಾತು ಕಿವಿಯಲ್ಲಿ ಮತ್ತೆ ಕೇಳಿತು. ಒಂದು ಸಲ ಬಟ್ಟೆ ಆಡಿಸಿದ್ರೆ.

"ಬೆನ್ನು ನೋಡ್ಬೇಕು," ಎಂದಳು.

"ಬೆನ್ನು ಯಾರಿಗೆ ಬೇಕು ಸಿನ್ಯೋರಾ? ಗೋಡೆಗೆ ತಾಗಿ ನಿಲ್ಲೋದಲ್ವಾ?"

"ಸ್ವಲ್ಪ ಹಿಡೀರಿ."

ಇಬ್ಬರೂ ಸೇರಿ ಕಪಾಟನ್ನು ತಿರುಗಿಸಿದರು. ಬೆನ್ನಹಲಗೆಗೆ ಯಾರೂ ಹೊಳಪು ಕೊಡುವುದಿಲ್ಲ. ಅದು ಕೊನೆಯವರೆಗೂ ಬಿಳಿ. ಅಪ್ಪನ ಕಾಲದಿಂದಲೂ ಅವರ ಮನೆಯ ಪದ್ಧತಿಯೊಂದಿತ್ತು: ಏನೇ ಹೊರಗೆ ಹೋಗಲಿ, ಅದರ ಬೆನ್ನ ಮೇಲೆ ಎಲ್ಲಿಗೆ, ಯಾವ ದಿನ, ಯಾರ ಕೈಯಿಂದ ಎಂದು ಬರೆಯದೆ ಬಾಗಿಲು ದಾಟಿಸಬಾರದು. ಬರೆಯದೆ ಕಳಿಸಿದ್ದಕ್ಕೆ ಒಮ್ಮೆ ಅಪ್ಪ ಫೆರ್ಮೋನ ಕೆನ್ನೆಗೆ ಬಿಟ್ಟಿದ್ದರು. ಆಮೇಲೆ ಅವನು ಬರೆಯುವುದನ್ನು ಒಮ್ಮೆಯೂ ತಪ್ಪಿಸಿದವನಲ್ಲ.

ಹಲಗೆಯ ಮೇಲಿನ ಮೂಲೆಯಲ್ಲಿ, ದಪ್ಪ ಸೀಸದಲ್ಲಿ, ಓರೆಯಾಗಿ ಬರೆದಿತ್ತು: ಜೆನೋವಾ, ಬಂದರಿನ ಹತ್ತಿರ, ದಲ್ಲೋರ್ಸೋ ಮನೆಗೆ. ೧೪ ಮಾರ್ಚ್ ೧೯೫೭. ಫೆರ್ಮೋ. ಜೆನೋವಾ ಎಂಬ ಹೆಸರಿಗೆ ಒಂದು ಅಕ್ಷರ ಹೆಚ್ಚು ಸೇರಿತ್ತು. ಅದು ಶಾಲೆಯ ಕಾಲದಿಂದಲೂ ಅವನು ಬಿಡದ ತಪ್ಪು. ಅದಕ್ಕೆ ಅವಳು ಎಷ್ಟು ಸಾರಿ ನಕ್ಕಿದ್ದಳೋ.

ಹದಿನಾಲ್ಕು ಮಾರ್ಚ್. ಅವಳು ಕೊಟ್ಟ ದಿನವೇ. ಕಪಾಟು ತೆರೇಸಿಯೋನ ಮನೆ ಮುಟ್ಟಿಯೇ ಇರಲಿಲ್ಲ.

"ಶುಕ್ರವಾರ ಬರ್ತೀನಿ," ಎಂದು ಪಾಲ್ಮಿರಾ ಎದ್ದಳು. "ಬಳೆ ಮೇಲ್ಮೇಲೇ ಇದೆ. ಹೋಗುತ್ತೆ. ಈ ಬೆನ್ನನ್ನ ಮಾತ್ರ ಒರೆಸ್ಬೇಡಿ."

ಮನೆಯಲ್ಲಿ ಕೋಸು, ಹಂದಿಯ ಪಕ್ಕೆಲುಬು ಹಾಕಿದ ಕಸೋಲಾ ಒಲೆಯ ಮೇಲಿತ್ತು. ಬೆಳಿಗ್ಗೆ ಹೊರಡುವ ಮೊದಲು ಅವಳೇ ಇಟ್ಟು ಹೋಗಿದ್ದು. ಫೆರ್ಮೋ ಇಸ್ಪೀಟು ಮುಗಿಸಿ ಬಂದು ಕೂತಿದ್ದ. ಎಪ್ಪತ್ತರ ಮನುಷ್ಯ, ಅಗಲ ಭುಜ, ಗರಗಸಕ್ಕೆ ಕೊಟ್ಟ ಅರ್ಧ ಬೆರಳು. ಅವನ ಹೆಂಡತಿ ಪಿನುಚ್ಚಾ ತೀರಿಕೊಂಡು ಒಂಬತ್ತು ವರ್ಷ. ಅಲ್ಲಿಂದ ಅಣ್ಣ ತಂಗಿ ಇಬ್ಬರೇ. ಹಿಂದಿನ ಕೋಣೆಯಲ್ಲಿ ಈಗಲೂ ಸಣ್ಣಪುಟ್ಟ ಕೆಲಸ ನಡೆಯುತ್ತಿತ್ತು. ಅವನು ಮಾಡುವುದು, ಅವಳು ಹೊಳಪು ಕೊಡುವುದು.

"ತಡ ಮಾಡಿದೆ. ಪೊಲೆಂತಾ ನಾನೇ ತಿರುವಿದೆ, ಗಂಟಾಗಿದ್ರೆ ಬೈಬೇಡ," ಎಂದ ಫೆರ್ಮೋ, ಮೆಕ್ಕೆಜೋಳದ ಮುದ್ದೆಯ ಪಾತ್ರೆ ತೋರಿಸಿ. "ಏನಂತೆ ಓರ್ನೆಲ್ಲಾಳದ್ದು?"

ಅವಳು ಕೋಟು ಬಿಚ್ಚಲಿಲ್ಲ. "ಒಂದು ಕ್ರೆದೆಂಝಾ. ಆಕ್ರೋಟು. ಜೆನೋವಾದಿಂದ ಬಂದಿದೆ."

"ಜೆನೋವಾದವರು ಉಪ್ಪುಗಾಳಿಗೆ ಇಟ್ಟು ಎಲ್ಲ ಕೆಡಿಸ್ತಾರೆ."

"ಜೆನೋವಾ ಅಂತ ಬರೆಯೋಕೆ ನಿಂಗೆ ಇನ್ನೂ ಬರಲ್ವಲ್ಲ ಫೆರ್ಮೋ."

ಅವನ ಚಮಚ ತಟ್ಟೆಯ ಅಂಚಿಗೆ ತಾಗಿ ನಿಂತಿತು. ಯಾವ ಕಪಾಟು, ಯಾವಾಗಿನದು ಎಂದು ಅವನು ವಿಚಾರಿಸಲಿಲ್ಲ. ವಿಚಾರಿಸಿದ್ದರೆ, ಬಹುಶಃ, ಅವಳು ಒಂದು ಗಳಿಗೆ ಸಂಶಯಪಡುತ್ತಿದ್ದಳು.

"ಬೆನ್ನ ಮೇಲೆ ಬರೆದಿದ್ದೆ ನಾನು," ಎಂದ ಕೊನೆಗೆ, ತನಗೇ ಹೇಳಿಕೊಂಡಂತೆ. "ದಡ್ಡ. ಕೈ ಅಭ್ಯಾಸ."

"ಅವನಿಗೆ ಏನಂತ ಹೇಳಿದೆ?"

"ಕೂತ್ಕೋ ಪಾಲ್ಮಿರಾ."

"ಏನಂತ ಹೇಳಿದೆ?"

"ಬಿಳಿಯಾಗೇ ಇದೆ, ಅವಳು ಮುಟ್ಟಲಿಲ್ಲ ಅಂದೆ. ವಾಪಸ್ ತಂದುಕೊಡ್ಲಾ ಅಂದೆ. ಒಲೆಗೆ ಹಾಕು ಅಂದ." ಫೆರ್ಮೋ ಬಾಯೊರೆಸಿಕೊಂಡ. "ಒಲೆಗೆ ಹಾಕೋಕೆ ನಂಗೆ ಮನಸ್ಸಾಗಲಿಲ್ಲ. ಅಷ್ಟು ಚೆನ್ನಾಗಿತ್ತು."

"ಮರದ ಮೇಲೆ ಕರುಣೆ ಬಂತು ನಿಂಗೆ."

"ಅಪ್ಪ ಸತ್ತು ಒಂದೂವರೆ ವರ್ಷ ಆಗಿತ್ತು. ಮಿಲಾನಿನಿಂದ ಬಂದೋರು ನನ್ನ ಹೆಸರು ಕೇಳ್ತಿರಲಿಲ್ಲ. ಎಡಗೈ ಹುಡುಗಿ ಇದ್ದಾಳಾ ಅಂತ ಕೇಳ್ತಿದ್ರು. ಅವನು ಎದುರುಗಡೆ ಅಂಗಡಿ ತೆಗೀತೀನಿ ಅಂತಿದ್ದ. ನೀನು ಬೀದಿ ದಾಟಿದ್ರೆ ಗಿರಾಕಿನೂ ಬೀದಿ ದಾಟ್ತಿತ್ತು. ಅಮ್ಮ ಇದ್ದಳು. ಮನೆ ಉಳೀಬೇಕಿತ್ತು."

"ಕೇಳಬಹುದಿತ್ತು ನನ್ನ. ಒಂದೆರಡು ವರ್ಷ ಇರು ಅಂದಿದ್ರೆ ಇರ್ತಿದ್ದೆ. ಅವನೂ ಕಾಯ್ತಿದ್ದ."

"ಗೊತ್ತು."

"ಗೊತ್ತಾ?"

"ಆಮೇಲೆ ಗೊತ್ತಾಯ್ತು." ಅವನು ತಲೆಯೆತ್ತದೆ ಪೊಲೆಂತಾವನ್ನು ಚಮಚದಿಂದ ಎರಡು ಭಾಗ ಮಾಡಿದ, ನಾಲ್ಕು ಭಾಗ ಮಾಡಿದ. "ಆಮೇಲೆ ಹೇಳೋಣ ಅಂದ್ರೆ ಅವನು ಅಲ್ಲಿ ಮದುವೆಯಾಗಿದ್ದ. ಹೇಳಿ ಏನಾಗ್ಬೇಕು?"

"ನೀನೂ ಮದುವೆಯಾದೆ. ನಿನ್ನ ಮದುವೆ ಮಂಚಕ್ಕೆ ಹೊಳಪು ಕೊಟ್ಟೋಳು ನಾನು. ಪಿನುಚ್ಚಾಗೆ ಗೊತ್ತಿತ್ತಾ?"

"ಸಾಯೋ ವರ್ಷ ಹೇಳಿದೆ. ಅವಳಿಗೆ ಹೇಳಿಬಿಡು ಅಂತ ದಿನಾ ಪೀಡಿಸ್ತಿದ್ದಳು. ಈ ಈಸ್ಟರ್ ಕಳೀಲಿ ಅಂದೆ."

"ಒಂಬತ್ತು ಈಸ್ಟರ್ ಕಳೀತು."

ಒಲೆಯ ಮೇಲೆ ಕಸೋಲಾ ಗುಳುಗುಳು ಎನ್ನುತ್ತಿತ್ತು. ಅಭ್ಯಾಸಬಲದಿಂದ ಪಾಲ್ಮಿರಾ ಹೋಗಿ ಉರಿ ತಗ್ಗಿಸಿದಳು. ಹಾಗೆ ತಗ್ಗಿಸಿದ್ದಕ್ಕೆ ತನ್ನ ಮೇಲೇ ನಾಚಿಕೆಯಾಯಿತು.

"ಅವನು ಮೋಸ ಮಾಡಿದ ಅಂತ ನಲವತ್ತು ವರ್ಷ ನಂಬಿದೆ," ಎಂದಳು ಒಲೆಯ ಕಡೆಗೇ ತಿರುಗಿ. "ಅವನ ತಾಯಿ ಸತ್ತಾಗ ಕಿಟಕಿ ಮುಚ್ಚಿ ಕೂತೆ. ಅವನೂ ನನ್ನ ಹಾಗೇ ನಂಬಿರ್ತಾನೆ. ಸಿಸ್ಟರ್ ರಿಬ್ಬನ್ ಕಟ್ಟಿದಾಗ ಕಣ್ಣಿಗೆ ಕಾಣೋ ಹಾಗಾದ್ರೂ ಕಟ್ಟಿದ್ರು ಫೆರ್ಮೋ. ಅದನ್ನ ಕತ್ತರಿಸಿದವನು ನೀನೇ ಅಂತ..."

ಫೆರ್ಮೋ ಊಟ ಬಿಟ್ಟು ಎದ್ದು ಹಿಂದಿನ ಕೋಣೆಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಅಲ್ಲಿಂದ ಗರಗಸದ ಸದ್ದು ಕೇಳಿತು.

ಶುಕ್ರವಾರ ಅವಳು ಓರ್ನೆಲ್ಲಾಳ ಅಂಗಡಿಗೆ ಹೋಗಿ ಬಳೆಯನ್ನು ತೆಗೆದಳು. ದೊಡ್ಡ ಕೆಲಸವೇನಲ್ಲ: ಸ್ವಲ್ಪ ಸ್ಪಿರಿಟು, ಸ್ವಲ್ಪ ಎಣ್ಣೆ, ತುಸುವೇ ಹೊಸ ಅರಗು. ಉಜ್ಜುವಾಗ ಇಪ್ಪತ್ತನಾಲ್ಕರ ಹುಡುಗಿಯ ಕೈ ನಡೆದ ದಾರಿಯ ಮೇಲೆಯೇ ಅರವತ್ತನಾಲ್ಕರ ಕೈ ನಡೆಯಿತು. ಆ ಹುಡುಗಿಯ ಸುತ್ತುಗಳು ದೊಡ್ಡವು, ಅವಸರದವು. ಇವಳದು ಅವುಗಳ ಒಳಗೇ ಸಣ್ಣದಾಗಿ ಸುತ್ತಿ ಬಂತು. ತೆರೇಸಿಯೋ ಐದು ವರ್ಷದ ಹಿಂದೆ ರೊಸಾರಿಯೋದಲ್ಲಿ ಸತ್ತನೆಂದು ಯಾರೋ ಹೇಳಿದ್ದು ಆಗ ನೆನಪಾಯಿತು. ಕೇಳಿದ ದಿನ ಅವಳು ಸುಮ್ಮನೆ ಅಕ್ಕಿ ಆರಿಸುತ್ತಾ ಕೂತಿದ್ದಳು. ಒಂದು ಕಲ್ಲೂ ತಪ್ಪಿರಲಿಲ್ಲ.

"ಅರೇ, ಬಳೆ ಎಲ್ಲಿತ್ತು ಅಂತಲೇ ಗೊತ್ತಾಗಲ್ಲ!" ಎಂದಳು ಓರ್ನೆಲ್ಲಾ. "ನೀವು ನನ್ನ ಗಂಡನ ಸ್ವಭಾವಕ್ಕೂ ಒಂದು ಕೈ ಹಾಕ್ಬಾರ್ದಾ?"

"ಪೆನ್ಸಿಲ್ ಕೊಡಿ," ಎಂದಳು ಪಾಲ್ಮಿರಾ.

ಕಪಾಟಿನ ಹಿಂದೆ ಹೋಗಿ, ಅಣ್ಣನ ಬರಹವನ್ನು ಅಳಿಸದೆ, ಅದರ ಕೆಳಗೆ ಎಡಗೈಯಲ್ಲಿ ಬರೆದಳು: ಮಾಡಿದವನು ಕಾಂತೂವಿನ ತೆರೇಸಿಯೋ. ಹೊಳಪು ಕೊಟ್ಟವಳು ಪಾಲ್ಮಿರಾ. ಕೊಟ್ಟು ಮುಗಿದದ್ದು ೧೩ ಮಾರ್ಚ್ ೧೯೫೭, ಹಬ್ಬಕ್ಕೆ ಆರು ದಿನ ಮೊದಲು.

ಓರ್ನೆಲ್ಲಾ ಇಣುಕಿ ಓದಿದಳು. ಮುಂಭಾಗಕ್ಕೆ ಬಂದು "ಮಾಡಿದವರು ತಿಳಿದಿಲ್ಲ" ಎಂಬ ಚೀಟಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಶನಿವಾರ ಬಂದ ಮಿಲಾನಿನ ಗಂಡ ಹೆಂಡತಿ ಕಪಾಟನ್ನು ಒಯ್ದರು. ಬೆನ್ನ ಮೇಲಿನ ಬರಹವನ್ನು ಅವರು ನೋಡಿದರೋ ಇಲ್ಲವೋ ಪಾಲ್ಮಿರಾ ಕೇಳಲಿಲ್ಲ.

ಅವಳು ಮನೆ ಬಿಟ್ಟು ಹೋಗಲಿಲ್ಲ. ಹೋಗಲು ಇನ್ನೊಂದು ಮನೆ ಇರಲಿಲ್ಲ. ಮನೆ ಅವಳದೂ ಆಗಿತ್ತು. ಅಡುಗೆ ಮಾಡಿದಳು, ಇಬ್ಬರಿಗೂ ಬಡಿಸಿದಳು. ಆದರೆ ಮಾತಾಡಲಿಲ್ಲ. ಫೆರ್ಮೋ ಮೂರು ವಾರ ಹಿಂದಿನ ಕೋಣೆಯಲ್ಲೇ ಇರುತ್ತಿದ್ದ. ಇಸ್ಪೀಟಿಗೂ ಹೋಗಲಿಲ್ಲ.

ಕ್ರಿಸ್ಮಸ್ಸಿಗೆ ನಾಲ್ಕು ದಿನ ಇರುವಾಗ, ಬೆಳಿಗ್ಗೆ, ಅವಳ ಬೆಂಚಿನ ಮೇಲೆ ಒಂದು ಪೆಟ್ಟಿಗೆ ಇತ್ತು. ಮೇಪಲ್ ಮರ, ಅಂಗೈಯಗಲ. ಮೂಲೆಯ ಹಲ್ಲುಗಳು ಕೂದಲೂ ತೂರದಷ್ಟು ಬಿಗಿ. ಅರ್ಧ ಬೆರಳಿಲ್ಲದ ಎಪ್ಪತ್ತರ ಕೈ ಅಷ್ಟು ನಯವಾಗಿ ಕೆಲಸ ಮಾಡೀತೆಂದು ಅವಳು ಎಣಿಸಿರಲಿಲ್ಲ. ಚೀಟಿ ಇರಲಿಲ್ಲ. ಮಾತೂ ಇರಲಿಲ್ಲ. ಪೆಟ್ಟಿಗೆ ಬಿಳಿಯಾಗಿತ್ತು.

ಆ ಭಾಷೆ ಬಲ್ಲವರು ಭೂಮಿಯ ಮೇಲೆ ಈಗ ಅವರಿಬ್ಬರೇ. ಒಬ್ಬ ಸತ್ತವನ ಬಾಯಿಂದ ಕದ್ದು ತಂದು ಅಣ್ಣ ಅದನ್ನು ಅವಳಲ್ಲಿ ಆಡಿದ್ದ.

ಅವಳು ಅರಗಿನ ಬಾಟಲಿಯ ಬಿರಡೆ ತೆಗೆದಳು. ಉಣ್ಣೆಯ ಉಂಡೆಯನ್ನು ಕೈಯಲ್ಲಿ ಹಿಡಿದಳು. ಪೆಟ್ಟಿಗೆಯ ಮುಚ್ಚಳದ ಮೇಲೆ ಬೆಳಗಿನ ಬೆಳಕು ಬಿದ್ದು, ಮರದೊಳಗಿನ ಅಲೆಗಳು ನೀರಿನಂತೆ ಕಾಣುತ್ತಿದ್ದವು. ಒಂದು ಸಲ ಬಟ್ಟೆ ಆಡಿಸಿದರೆ ಆ ಅಲೆಗಳು ಎದ್ದು ಬರುತ್ತವೆಂದು ಅವಳಿಗೆ ಗೊತ್ತಿತ್ತು. ಕೈ ತಾನಾಗಿಯೇ ಮುಂದೆ ಹೋಗಲು ನೋಡಿತು. ಇನ್ನೊಂದು ಕೈಯಿಂದ ಅವಳು ಅದನ್ನು ಹಿಡಿದುಕೊಂಡಳು. ಸ್ವಲ್ಪ ಹೊತ್ತು ಹಾಗೆಯೇ ಹಿಡಿದುಕೊಂಡು ನಿಂತಿದ್ದಳು.

ಮಧ್ಯಾಹ್ನ ಫೆರ್ಮೋ ಊಟಕ್ಕೆ ಬಂದಾಗ ಪೆಟ್ಟಿಗೆ ಅವನ ತಟ್ಟೆಯ ಪಕ್ಕ ಇತ್ತು. ಹೇಗೆ ಹೋಗಿತ್ತೋ ಹಾಗೆಯೇ, ಬಿಳಿಯಾಗಿ. ಅವನು ಬೆರಳಿನಿಂದ ಮುಚ್ಚಳವನ್ನು ಸವರಿ, ಒಣ ಮರವನ್ನು ಗುರುತಿಸಿ, ತಲೆಯಾಡಿಸಿದ.

"ಸಾರು ಹಾಕಲಾ?" ಎಂದಳು ಪಾಲ್ಮಿರಾ. ಮೂರು ವಾರದಲ್ಲಿ ಅವಳು ಆಡಿದ ಮೊದಲ ಮಾತು ಅದು.

"ಹಾಕು."

ಫೆರ್ಮೋ ಪೆಟ್ಟಿಗೆಯನ್ನು ಎಸೆಯಲಿಲ್ಲ. ಕನ್ನಡಕ ಇಡಲು ಬಳಸಿದ. ಹೊಳಪಿಲ್ಲದ ಮರ ಮುಟ್ಟಿದವರ ಕೊಳೆಯನ್ನೆಲ್ಲ ಕುಡಿಯುತ್ತದೆ. ಮುಂದಿನ ಸಂತ ಜೋಸೆಫರ ಹಬ್ಬದ ಹೊತ್ತಿಗೆ ಮುಚ್ಚಳದ ಮುಂದಿನ ಅಂಚಿನಲ್ಲಿ, ದಿನವೂ ಹೆಬ್ಬೆರಳು ತಾಗುವ ಜಾಗದಲ್ಲಿ, ಒಂದು ಕಪ್ಪು ಕಲೆ ಕೂತಿತ್ತು. ಪಾಲ್ಮಿರಾ ಮೇಜು ಒರೆಸುವಾಗ ಅದನ್ನು ಎತ್ತಿ, ಕೆಳಗೆ ಒರೆಸಿ, ಮತ್ತೆ ಅದೇ ಜಾಗದಲ್ಲಿ ಇಡುತ್ತಿದ್ದಳು, ಬಲಗೈಯಿಂದ.